ಗ್ಯೋಕುರೋ ಚಹಾ: ಕುದಿನೀರಿಗೆ ಕಹಿ, ಬೆಚ್ಚಗಿನ ನೀರಿಗೆ ಸಪ್ಪೆ. ನಾನು ತಪ್ಪುತ್ತಿರುವುದು ಎಲ್ಲಿ?

ಪ್ರಶ್ನೆ: ಬಸವನಗುಡಿ ಕಾಫಿಪ್ರಿಯ

ಎಲ್ಲರಿಗೂ ನಮಸ್ಕಾರ. ಕ್ಯೋಟೋದಲ್ಲಿ ಒಂದು ವರ್ಷದ ಕೆಲಸ ಮುಗಿಸಿ ಬಂದ ನನ್ನ ಸೋದರಳಿಯ ಕಳೆದ ತಿಂಗಳು ಗ್ಯೋಕುರೋ ಎಂಬ ಜಪಾನಿನ ಹಸಿರು ಚಹಾದ 50 ಗ್ರಾಂ ತೂಕದ ಪೊಟ್ಟಣವೊಂದನ್ನು ತಂದುಕೊಟ್ಟಿದ್ದಾನೆ. ಅದರ ಬೆಲೆ ಕೇಳಿದ ಮೇಲೆ ಪೊಟ್ಟಣ ಒಡೆಯುವುದಕ್ಕೆ ನನಗೆ ಒಂದು ವಾರ ಧೈರ್ಯ ಬರಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಬುದ್ಧಿ ಬಂದಾಗಿನಿಂದ ಫಿಲ್ಟರ್ ಕಾಫಿ ಕುಡಿದ ನಾಲಿಗೆ ನನ್ನದು; ಹಸಿರು ಚಹಾ ಎಂದರೆ ದಾರ ಕಟ್ಟಿದ ಚೀಲ ಎಂದಷ್ಟೇ ತಿಳಿದಿದ್ದವನು ನಾನು.

ಇದುವರೆಗೆ ಮೂರು ಸಲ ಮಾಡಿ ನೋಡಿದ್ದೇನೆ. ಮೊದಲ ಸಲ ಒಂದು ಟೀ ಚಮಚ ಎಲೆಗೆ ಒಂದು ಲೋಟ, ಅಂದರೆ ಸುಮಾರು 200 ಮಿಲಿ ಕುದಿನೀರು ಹಾಕಿ ಮೂರು ನಿಮಿಷ ಬಿಟ್ಟೆ; ಬೇವಿನ ಕಷಾಯಕ್ಕೆ ಸಮನಾದ ಕಹಿ ಬಂತು. ಸೋದರಳಿಯನನ್ನು ಕೇಳಿದಾಗ ನೀರು 60 ಡಿಗ್ರಿ ದಾಟಬಾರದೆಂದ. ಎರಡನೆಯ ಸಲ ಅಡುಗೆಯ ತಾಪಮಾಪಕ ಹಿಡಿದು 60 ಡಿಗ್ರಿಗೆ ಆರಿಸಿದ ನೀರನ್ನು ಅಷ್ಟೇ ಎಲೆಗೆ ಅಷ್ಟೇ ಪ್ರಮಾಣದಲ್ಲಿ ಹಾಕಿ ಎರಡು ನಿಮಿಷ ಕಾದೆ. ಕಹಿ ಹೋಯಿತು, ಆದರೆ ಅದರ ಜೊತೆಗೆ ಎಲ್ಲವೂ ಹೋಯಿತು. ಸೊಪ್ಪು ಬೇಯಿಸಿ ಬಸಿದ ನೀರಿನಂತೆ ಸಪ್ಪಗಿತ್ತು. ಮೂರನೆಯ ಸಲ ಐದು ನಿಮಿಷ ಬಿಟ್ಟಾಗ ಕಡಲ ಪಾಚಿಯಂಥ ವಾಸನೆಯೊಂದು ಎದ್ದು ಬಂತು. ನಮ್ಮ ಮನೆಯವರು ಅಡುಗೆಮನೆಯ ಬಾಗಿಲಿನಿಂದಲೇ ಹಿಂದಿರುಗಿದರು.

ನನ್ನ ಸಂದೇಹಗಳು ಇಷ್ಟು. ಆ ವಾಸನೆ ಚಹಾ ಕೆಟ್ಟಿರುವುದರ ಗುರುತೇ? ನೀರನ್ನು ಆರಿಸುವುದಕ್ಕೆ ನಿಜವಾದ ಕಾರಣವಿದೆಯೇ, ಅಥವಾ ಅದು ಕೇವಲ ಸಂಪ್ರದಾಯವೇ? ಎಲ್ಲಕ್ಕಿಂತ ಮುಖ್ಯವಾಗಿ, ಸರಿಯಾಗಿ ಮಾಡಿದ ಗ್ಯೋಕುರೋ ನಾಲಿಗೆಗೆ ಹೇಗಿರಬೇಕು? ಗುರಿ ಯಾವುದೆಂದೇ ತಿಳಿಯದೆ ಬಾಣ ಬಿಡುತ್ತಿದ್ದೇನೆ ಎನಿಸುತ್ತಿದೆ.

ಉತ್ತರ 1: ಫುಕುವೋಕಾ ಕನ್ನಡಿಗ

ನಮಸ್ಕಾರ. ನಾನು ಒಂಬತ್ತು ವರ್ಷಗಳಿಂದ ಫುಕುವೋಕಾದಲ್ಲಿದ್ದೇನೆ. ಗ್ಯೋಕುರೋಗೆ ಹೆಸರಾದ ಯಾಮೆ ಪ್ರದೇಶ ಇದೇ ಪ್ರಾಂತದಲ್ಲಿ ಇರುವುದರಿಂದ ತಮ್ಮ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸುವ ಆಸೆಯಾಗಿದೆ.

ಮೊದಲು ವಾಸನೆಯ ವಿಚಾರ. ತಮ್ಮ ಚಹಾ ಕೆಟ್ಟಿಲ್ಲ. ತಾವು ಹಣ ತೆತ್ತಿರುವುದೇ (ಅಥವಾ ಸೋದರಳಿಯ ತೆತ್ತಿರುವುದೇ) ಆ ವಾಸನೆಗೆ. ಜಪಾನೀಯರು ಅದನ್ನು ‘ಓಯಿಕಾ’ ಎನ್ನುತ್ತಾರೆ, ಅಂದರೆ ಹೊದಿಕೆಯ ಪರಿಮಳ. ಸುಶಿಗೆ ಸುತ್ತುವ ನೋರಿ ಎಂಬ ಪಾಚಿಯ ಹಾಳೆಯನ್ನು ನೆನಪಿಸುವ ಈ ಗಂಧಕ್ಕೆ ಮುಖ್ಯ ಕಾರಣ ಡೈಮಿಥೈಲ್ ಸಲ್ಫೈಡ್ ಎಂಬ ಸಂಯುಕ್ತ, ನೋರಿಯಲ್ಲಿರುವುದೂ ಅದೇ. ಬಿಸಿಲಿನಲ್ಲಿ ಬೆಳೆದ ಸೆಂಚಾ ಎಂಬ ಸಾಮಾನ್ಯ ಹಸಿರು ಚಹಾದಲ್ಲಿ ಇದು ಇಷ್ಟು ಎದ್ದು ಕಾಣುವುದಿಲ್ಲ. ನಿಜವಾಗಿ ಹಳಸಿದ ಹಸಿರು ಚಹಾದ ಲಕ್ಷಣ ಬೇರೆ: ಎಲೆಯ ಕಡುಹಸಿರು ಕಂದು ಛಾಯೆಗೆ ತಿರುಗಿರುತ್ತದೆ, ಒಣಹುಲ್ಲಿನ ಅಥವಾ ಹಳೆಯ ಕಾಗದದ ವಾಸನೆ ಬರುತ್ತದೆ.

ಹೊದಿಕೆ ಎಂದೆನಲ್ಲ, ಈ ಚಹಾದ ಗುಟ್ಟೆಲ್ಲ ಅಲ್ಲಿಯೇ ಇದೆ. ವಸಂತದಲ್ಲಿ ಚಿಗುರೊಡೆಯುತ್ತಿದ್ದಂತೆ ತೋಟದ ಮೇಲೆ ಚಪ್ಪರ ಹಾಕಿ, ಕೊಯ್ಲಿಗೆ ಮುಂಚಿನ ಸುಮಾರು 20 ದಿನ ಗಿಡಕ್ಕೆ ಬಿಸಿಲು ತಾಗದಂತೆ ಮಾಡುತ್ತಾರೆ. ಹಿಂದೆ ಜೊಂಡಿನ ಚಾಪೆ ಹಾಸಿ, ಅದರ ಮೇಲೆ ಭತ್ತದ ಹುಲ್ಲನ್ನು ದಿನದಿಂದ ದಿನಕ್ಕೆ ದಪ್ಪವಾಗಿ ಹರಡಿ ಬೆಳಕನ್ನು ಮೆಲ್ಲಗೆ ಕಡಿಮೆ ಮಾಡುತ್ತಿದ್ದರು; ಇಂದು ಬಹುತೇಕ ತೋಟಗಳಲ್ಲಿ ಕಪ್ಪು ಬಲೆಬಟ್ಟೆ ಬಂದಿದೆ. ಯಾಮೆಯ ಸಾಂಪ್ರದಾಯಿಕ ಗ್ಯೋಕುರೋಗೆ 2015ರಲ್ಲಿ ಜಪಾನಿನ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದ್ದು, ಆ ಹೆಸರಿನಲ್ಲಿ ಮಾರಬೇಕಾದರೆ ಹುಲ್ಲಿನಂಥ ನೈಸರ್ಗಿಕ ಹೊದಿಕೆಯೇ ಇರಬೇಕು, ಚಿಗುರನ್ನು ಕೈಯಲ್ಲೇ ಬಿಡಿಸಿರಬೇಕು. ಒಂದೆರಡು ವಾರವಷ್ಟೇ ಮುಚ್ಚಿ ಬೆಳೆಸಿದ್ದು ಕಬುಸೆಚಾ. ಮುಚ್ಚಿ ಬೆಳೆಸಿದರೂ ಹೊಸೆಯದೆ ಒಣಗಿಸಿದ್ದು ತೆಂಚಾ, ಅದನ್ನು ಬೀಸಿದರೆ ಮಚ್ಚಾ.

ನೆರಳು ಮಾಡುವ ಕೆಲಸ ಹೀಗಿದೆ. ಥಿಯಾನಿನ್ ಎಂಬ ಅಮೈನೋ ಆಮ್ಲ ಚಹಾ ಗಿಡದ ಬೇರಿನಲ್ಲಿ ಹುಟ್ಟಿ ಚಿಗುರಿಗೆ ಏರುತ್ತದೆ. ಬಿಸಿಲು ಬಿದ್ದ ಎಲೆಯಲ್ಲಿ ಅದು ಒಡೆದು, ಒಗರು ಕೊಡುವ ಕ್ಯಾಟೆಚಿನ್‌ಗಳ ತಯಾರಿಕೆಗೆ ಬಳಕೆಯಾಗುತ್ತದೆ. ನೆರಳಿನಲ್ಲಿ ಹಾಗೆ ವ್ಯಯವಾಗದೆ ಉಳಿದುಕೊಳ್ಳುತ್ತದೆ. ಜೊತೆಗೆ ಸಿಕ್ಕಷ್ಟು ಬೆಳಕನ್ನೇ ಹಿಡಿಯಲು ಎಲೆ ಹೆಚ್ಚು ಪತ್ರಹರಿತ್ತನ್ನು ತುಂಬಿಕೊಂಡು ತೆಳ್ಳಗೆ ಹರಡುತ್ತದೆ. ಆ ಕಡುಹಸಿರು ಬಣ್ಣ ಬರುವುದು ಅದರಿಂದ. ಥಿಯಾನಿನ್ ಅನ್ನು 1950ರ ಆಸುಪಾಸಿನಲ್ಲಿ ಕ್ಯೋಟೋದಲ್ಲಿ ಮೊದಲ ಬಾರಿಗೆ ಬೇರ್ಪಡಿಸಿದ್ದೂ ಗ್ಯೋಕುರೋ ಎಲೆಯಿಂದಲೇ ಎಂಬುದು ಅಚ್ಚರಿಯೇನಲ್ಲ.

ಹೊದಿಸುವವರು ಇದನ್ನೆಲ್ಲ ತಿಳಿದು ಹೊದಿಸಿದ್ದಲ್ಲ. ಕ್ಯೋಟೋ ಬಳಿಯ ಉಜಿಯ ತೋಟಗಳಿಗೆ ಹುಲ್ಲಿನ ಹೊದಿಕೆ ಹಾಕುತ್ತಿದ್ದುದನ್ನು ಕಂಡು ಬರೆದಿಟ್ಟ ಪೋರ್ಚುಗೀಸ್ ಪಾದ್ರಿ ಜೊವಾವ್ ರೊಡ್ರಿಗೆಸ್ ಕೊಡುವ ಕಾರಣ, ಎಳೆಯ ಚಿಗುರನ್ನು ಕೊರೆಯುವ ಮಂಜಿನಿಂದ ಕಾಪಾಡುವುದು. ರುಚಿ ಬದಲಾದದ್ದು ಆಮೇಲೆ ಗಮನಕ್ಕೆ ಬಂದಿರಬೇಕು. ಹಾಗೆ ಬೆಳೆಸಿದ ಚಿಗುರು ಶತಮಾನಗಳ ಕಾಲ ಮಚ್ಚಾಕ್ಕೆ ಹೋಗುತ್ತಿತ್ತು. ಅದನ್ನೇ ಹೊಸೆದು ಗ್ಯೋಕುರೋ ಮಾಡಿದ್ದು 1835ರಲ್ಲಿ, ಎದೋ (ಇಂದಿನ ಟೋಕಿಯೋ) ನಗರದ ಚಹಾ ವ್ಯಾಪಾರಿ ಮನೆತನದ ಆರನೆಯ ಯಾಮಾಮೋತೋ ಕಾಹೆಯ್ ಎಂದು ವಾಡಿಕೆಯಲ್ಲಿ ಹೇಳುತ್ತಾರೆ. ಆಗ ಎಲೆ ಪುಟ್ಟ ಗುಂಡುಗಳಾಗಿ ಸುತ್ತಿಕೊಂಡಿತಂತೆ. ಮಣಿಯಂಥ ಇಬ್ಬನಿ ಎಂಬರ್ಥದ ಹೆಸರು ಅದಕ್ಕೆ ಒಪ್ಪುವಂಥದ್ದೇ. ಇಂದಿನ ಸೂಜಿಯಂಥ ಎಲೆ ಮೇಜಿ ಕಾಲದ (1868–1912) ಸುಧಾರಣೆ.

ಈಗ ತಮ್ಮ ಲೋಟಕ್ಕೆ ಬರೋಣ. ನೀರನ್ನು ಆರಿಸುವುದು ಶಾಸ್ತ್ರಕ್ಕಾಗಿ ಅಲ್ಲ. ಥಿಯಾನಿನ್ ಬೆಚ್ಚಗಿನ ನೀರಿಗೂ ಸುಲಭವಾಗಿ ಇಳಿಯುತ್ತದೆ. ಕ್ಯಾಟೆಚಿನ್ ಮತ್ತು ಕೆಫೀನ್ ಚೆನ್ನಾಗಿ ಇಳಿಯಬೇಕಾದರೆ ಬಿಸಿ ಹೆಚ್ಚಬೇಕು. ಆದ್ದರಿಂದ 50ರಿಂದ 60 ಡಿಗ್ರಿಯ ನೀರು ಬೇಕಾದದ್ದನ್ನು ತೆಗೆದುಕೊಂಡು ಬೇಡವಾದದ್ದರಲ್ಲಿ ಬಹುಭಾಗವನ್ನು ಎಲೆಯಲ್ಲೇ ಬಿಡುತ್ತದೆ. ತಾವು ಎರಡನೆಯ ಸಲ ಇದನ್ನು ಸರಿಯಾಗಿಯೇ ಮಾಡಿದಿರಿ. ಆದರೆ ತಮ್ಮ ತಪ್ಪು ಬಿಸಿಯಲ್ಲಿ ಇಲ್ಲ, ಅಳತೆಯಲ್ಲಿದೆ. ಒಂದು ಟೀ ಚಮಚ ಎಂದರೆ ಎರಡೂವರೆ ಗ್ರಾಂ ಇರಬಹುದು. ಅದಕ್ಕೆ 200 ಮಿಲಿ ನೀರು ಹಾಕಿದರೆ ಒಂದು ಪಾಲು ಎಲೆಗೆ 80 ಪಾಲು ನೀರಾಯಿತು. ಇಲ್ಲಿ 5 ಗ್ರಾಂ ಎಲೆಗೆ 50 ಮಿಲಿ, ಅಂದರೆ ಒಂದಕ್ಕೆ ಹತ್ತು. ತಾವು ಎಂಟು ಪಟ್ಟು ನೀರು ಹಾಕಿದ್ದೀರಿ. ಕುದಿನೀರಾದರೆ ಕಹಿಯಾದರೂ ಬಂದು ಆ ಕೊರತೆಯನ್ನು ಮುಚ್ಚುತ್ತದೆ. ಬೆಚ್ಚಗಿನ ನೀರಿನಲ್ಲಿ ಮುಚ್ಚಲು ಏನೂ ಇರುವುದಿಲ್ಲ. ಕಾಫಿ ಕುಡಿಯುವವರಿಗೆ ಇದನ್ನು ತಿಳಿಸುವುದು ಸುಲಭ: ಇದು ಲೋಟದ ಪಾನೀಯವಲ್ಲ, ಮೊದಲ ಡಿಕಾಕ್ಷನ್.

ಚಹಾದ ವಿಶೇಷ ಕೂಜ ಇಲ್ಲದಿದ್ದರೆ ಚಿಂತೆ ಬೇಡ. ಯಾಮೆಯ ಹೋಶಿನೋ ಕಡೆ ‘ಶಿಜುಕು-ಚಾ’ ಎಂಬ ಪದ್ಧತಿಯಿದೆ, ಹನಿಚಹಾ ಎಂದು ಅರ್ಥ. ಮುಚ್ಚಳವಿರುವ ಪುಟ್ಟ ಪಿಂಗಾಣಿ ಬಟ್ಟಲಲ್ಲಿ ಎಲೆ ಹಾಕಿ, ಎಲೆ ನೆನೆಯುವಷ್ಟು ಮಾತ್ರ ನೀರನ್ನು ಅಂಚಿನಿಂದ ಬಿಟ್ಟು, ಎರಡು ನಿಮಿಷ ಮುಚ್ಚಿಟ್ಟು, ಮುಚ್ಚಳವನ್ನು ಕೂದಲೆಳೆಯಷ್ಟು ಸರಿಸಿ ಅಲ್ಲಿಂದಲೇ ಹೀರುತ್ತಾರೆ. ಬಟ್ಟಲನ್ನು ಅಲುಗಿಸಬಾರದು, ಎಲೆಯನ್ನು ಚಮಚದಿಂದ ಒತ್ತಬಾರದು. ಬೇರೆ ಲೋಟಕ್ಕೆ ಬಗ್ಗಿಸುವುದಾದರೆ ಕೊನೆಯ ಹನಿಯವರೆಗೂ ಬಸಿಯಬೇಕು. ಗಟ್ಟಿ ಸಾರ ಇರುವುದು ಅದರಲ್ಲಿ, ಅಲ್ಲದೆ ಉಳಿದ ನೀರು ಮುಂದಿನ ಸರದಿಯನ್ನು ಕಹಿ ಮಾಡುತ್ತದೆ. ಎರಡನೆಯ ಸಲಕ್ಕೆ ನೀರು ಸ್ವಲ್ಪ ಹೆಚ್ಚು ಬಿಸಿ, ಸಮಯ ಅರ್ಧ ನಿಮಿಷ ಸಾಕು, ಎಲೆ ಆಗಲೇ ಬಿಚ್ಚಿಕೊಂಡಿರುತ್ತದೆ. ಮೂರನೆಯದು 70 ಡಿಗ್ರಿಯ ಮೇಲಿರಲಿ. ಆಗ ಬರುವ ತುಸು ಒಗರು ಹಿತವಾಗಿಯೇ ಇರುತ್ತದೆ.

ಇನ್ನು ಗುರಿಯ ಮಾತು. ಉಮಾಮಿ ಎಂಬ ಪದವನ್ನು ಕೇಳಿರುತ್ತೀರಿ; 1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಇಕೆಡಾ ಕಿಕುನಾಯೆ ಕೊಂಬು ಪಾಚಿಯ ಸಾರಿನಲ್ಲಿ ಗ್ಲುಟಮೇಟ್ ಅನ್ನು ಗುರುತಿಸಿ ಈ ರುಚಿಗೆ ಹೆಸರಿಟ್ಟರು. ಅದು ನಮಗೆ ಅಪರಿಚಿತವೇನಲ್ಲ. ಹೋಳಿಗೆಯ ದಿನ ಬೇಳೆ ಬಸಿದ ಕಟ್ಟಿನಿಂದ ಮಾಡುವ ಸಾರಿನಲ್ಲಿ, ಖಾರ ಮತ್ತು ಹುಳಿ ಇಳಿದ ಮೇಲೆ ನಾಲಿಗೆಯ ಬದಿಗಳಲ್ಲಿ ತುಂಬಿಕೊಂಡು ನಿಲ್ಲುವ ಮಂದ ರುಚಿಯೊಂದು ಇದೆಯಲ್ಲ, ಅದರ ಬಳಗದ್ದೇ ಇದು. ಆದರೆ ನಾವು ಆ ರುಚಿಯನ್ನು ಯಾವಾಗಲೂ ಉಪ್ಪಿನೊಂದಿಗೆ ಕಂಡಿದ್ದೇವೆ. ಉಪ್ಪಿಲ್ಲದೆ, ಸಿಹಿಯೊಂದಿಗೆ, ಎಣ್ಣೆಯಂಥ ನುಣುಪಿನೊಂದಿಗೆ, ಚಹಾ ಎಂಬ ಹೆಸರು ಹೊತ್ತು ಅದು ಎದುರಾದಾಗ ಮೊದಲ ದಿನ ತಬ್ಬಿಬ್ಬಾಗುವುದು ಸಹಜ. ನಾನು ಮೊದಲ ಬಾರಿ ಕುಡಿದಾಗ ಇದಕ್ಕೆ ಉಪ್ಪು ಬೇಕೆಂದು ಕೇಳುವುದರಲ್ಲಿದ್ದೆ. ಒಂದು ಚಮಚದಷ್ಟನ್ನು ಬಾಯೊಳಗೆ ತಿರುಗಿಸಿ ನುಂಗಿ, ಒಂದು ನಿಮಿಷ ಸುಮ್ಮನಿರಿ. ಸಿಹಿ ಹಿಂದಿನಿಂದ ಬರುತ್ತದೆ.

ಉತ್ತರ 2: ಮೂಡಿಗೆರೆ ತೋಟದವ

ಮೇಲಿನ ಉತ್ತರ ಓದಿ ಬಹಳ ಸಂತೋಷವಾಯಿತು. ನಾವು ಕಾಫಿ ಬೆಳೆಯುವವರಾದ್ದರಿಂದ ಒಂದು ಸಂದೇಹ. ನಮ್ಮಲ್ಲಿಯೂ ಗಿಡಕ್ಕೆ ನೆರಳು ಬೇಕು. ಆದರೆ ಅದು ವರ್ಷವಿಡೀ ಮರದ ನೆರಳು, ಮಳೆಗಾಲಕ್ಕೆ ಮುಂಚೆ ಕೊಂಬೆ ಸವರಿ ಬೆಳಕು ಬಿಡುತ್ತೇವೆ. ಗಿಡ ಬಿಸಿಲಿಗೆ ಬಳಲಬಾರದು ಎಂಬುದು ನಮ್ಮ ಉದ್ದೇಶ. ತಾವು ಹೇಳುತ್ತಿರುವುದು ಅದಕ್ಕೆ ವಿರುದ್ಧವಾಗಿದೆ: ಚೆನ್ನಾಗಿ ಚಿಗುರುತ್ತಿರುವ ಗಿಡಕ್ಕೆ ಬೇಕೆಂದೇ ಬೆಳಕಿನ ಉಪವಾಸ ಹಾಕಿದಂತಾಯಿತು. ಹೀಗೆ ಪ್ರತಿವರ್ಷ ಮಾಡಿದರೆ ಗಿಡ ಸೊರಗುವುದಿಲ್ಲವೇ?

ಉತ್ತರ 3: ಫುಕುವೋಕಾ ಕನ್ನಡಿಗ

ಸೊರಗುತ್ತದೆ, ಬೆಲೆ ಏರುವ ಕಾರಣಗಳಲ್ಲಿ ಅದೂ ಒಂದು. ತಾವು ಬಳಸಿದ ಉಪವಾಸ ಎಂಬ ಮಾತು ಸರಿಯಾಗಿಯೇ ಇದೆ. ಆದ್ದರಿಂದ ಗ್ಯೋಕುರೋ ತೋಟದಲ್ಲಿ ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಕೊಯ್ಲು, ಮೇ ತಿಂಗಳಲ್ಲಿ. ಅದು ಮುಗಿದ ಕೂಡಲೇ ಹೊದಿಕೆ ತೆಗೆದು, ಗಿಡ ಸವರಿ, ಗೊಬ್ಬರ ಧಾರಾಳವಾಗಿ ಕೊಟ್ಟು ಮುಂದಿನ ವಸಂತದವರೆಗೆ ಚೇತರಿಸಿಕೊಳ್ಳಲು ಬಿಡುತ್ತಾರೆ. ಸಾಂಪ್ರದಾಯಿಕ ತೋಟಗಳಲ್ಲಿ ಗಿಡವನ್ನು ಯಂತ್ರದ ಕೊಯ್ಲಿಗೆ ಬೇಕಾದಂತೆ ದುಂಡಗೆ ಕತ್ತರಿಸದೆ, ಕೊಂಬೆ ನೀಳವಾಗಿ ಬೆಳೆಯಲು ಬಿಡುವ ರೂಢಿಯೂ ಇದೆ. ಚಿಗುರಿನ ಸಂಖ್ಯೆ ಕಡಿಮೆಯಾಗುತ್ತದೆ, ಪ್ರತಿ ಚಿಗುರಿಗೂ ಸಿಗುವ ಸಾರ ಹೆಚ್ಚುತ್ತದೆ.

ಉತ್ತರ 4: ನೀರಿನ ಲೆಕ್ಕ

ಅಳತೆ, ಬಿಸಿ, ಸಮಯ ಎಲ್ಲ ಬಂತು. ಎಲ್ಲರೂ ಮರೆತದ್ದು ನೀರನ್ನು. 50 ಮಿಲಿಯ ಬಟ್ಟಲಿನಲ್ಲಿ ನೀರಿನ ದೋಷ ಅಡಗಿಕೊಳ್ಳಲು ಜಾಗವೇ ಇರುವುದಿಲ್ಲ. ಜಪಾನಿನ ನೀರು ಬಹುಮಟ್ಟಿಗೆ ಮೆದು. ಈ ಚಹಾ ರೂಪುಗೊಂಡದ್ದು ಅಂಥ ನೀರಿಗಾಗಿ. ಬೆಂಗಳೂರಿನ ಅನೇಕ ಬಡಾವಣೆಗಳ ಕೊಳವೆ ಬಾವಿ ನೀರು ಎಷ್ಟು ಗಡಸು ಎಂಬುದನ್ನು ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ಹೇಳುತ್ತದೆ. ಅದರಲ್ಲಿರುವ ಸುಣ್ಣದ ಅಂಶ ಚಹಾದ ರುಚಿಯನ್ನು ಮಂಕಾಗಿಸಿ ಬಣ್ಣವನ್ನೂ ಕದಡುತ್ತದೆ. ಹಾಗೆಂದು ಮನೆಯ ಆರ್‌ಒ ಯಂತ್ರದ ನೀರು ತೀರಾ ಲವಣಹೀನವಾಗಿದ್ದರೆ ಅದೂ ಒಂದು ಬಗೆಯ ಸಪ್ಪೆತನ ತರುತ್ತದೆ. ಬಸವನಗುಡಿಯವರಿಗೆ ಕಾವೇರಿ ನೀರು ಸಿಗುವುದಾದರೆ, ಅದಕ್ಕೆ ಮೂರು ಪಾಲು ಆರ್‌ಒ ನೀರನ್ನು ಬೆರೆಸಿ ನೋಡಲಿ. ನಾನು ಸೆಂಚಾಕ್ಕೆ ಹೀಗೆಯೇ ಮಾಡುತ್ತೇನೆ.

ಮತ್ತೊಂದು ಮಾತು. ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿದಾಗ ಪ್ರತಿ ಸಲ ಹತ್ತು ಡಿಗ್ರಿ ಇಳಿಯುತ್ತದೆ ಎಂಬ ಸೂತ್ರವನ್ನು ಚಹಾದ ಪುಸ್ತಿಕೆಗಳು ಹೇಳುತ್ತವೆ. ಅದನ್ನು ಕಣ್ಣು ಮುಚ್ಚಿ ನಂಬಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಪಾತ್ರೆ ದಪ್ಪ ಪಿಂಗಾಣಿಯೋ ತೆಳು ಸ್ಟೀಲೋ, ನೀರು ಎಷ್ಟಿದೆ, ಕೋಣೆ ಎಷ್ಟು ಬೆಚ್ಚಗಿದೆ ಎಂಬುದರ ಮೇಲೆ ಇಳಿತ ಬದಲಾಗುತ್ತದೆ. ಇದಕ್ಕಿಂತ ಸುಲಭವಾದ ಉಪಾಯವಿದೆ. ಕುದಿಸಿ ಪೂರ್ತಿ ಆರಿಸಿದ ನೀರನ್ನು ಮೊದಲೇ ತೆಗೆದಿಟ್ಟುಕೊಂಡು, ಅದಕ್ಕೆ ಸಮಪ್ರಮಾಣದಲ್ಲಿ ಈಗ ಕುದಿಯುತ್ತಿರುವ ನೀರನ್ನು ಸೇರಿಸಿ. 97 ಮತ್ತು 25ರ ಸರಾಸರಿ 61. ತಣ್ಣಗಿನ ಬಟ್ಟಲಿಗೆ ಬಿದ್ದಾಗ ಅದು 55ರ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ತಾಪಮಾಪಕವೂ ಬೇಡ, ಐದಾರು ಪಾತ್ರೆಗಳೂ ಬೇಡ.

ಉತ್ತರ 5: ಸಂಜೆಯ ಓದು

ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ರುಚಿ ಮೃದುವಾಗಿದೆ ಎಂದು ರಾತ್ರಿ ಊಟದ ಮೇಲೆ ಇದನ್ನು ಕುಡಿಯಬೇಡಿ. ಜಪಾನಿನ ಆಹಾರ ಸಂಯೋಜನೆಯ ಅಧಿಕೃತ ಪಟ್ಟಿಯಲ್ಲಿ 100 ಮಿಲಿ ಕಾಫಿಗೆ 60 ಮಿಲಿಗ್ರಾಂ ಕೆಫೀನ್ ಎಂದಿದ್ದರೆ, ಅಷ್ಟೇ ಗ್ಯೋಕುರೋಗೆ 160 ಮಿಲಿಗ್ರಾಂ ಎಂದಿದೆ. ಕುಡಿಯುವ ಪ್ರಮಾಣ ಕಡಿಮೆ ಎಂಬುದು ನಿಜ, ಆದರೆ ಮೂರು ನಾಲ್ಕು ಸರದಿ ಮಾಡಿದಾಗ ಲೆಕ್ಕ ಬೆಳೆಯುತ್ತದೆ. ಬೇಸಿಗೆಯಲ್ಲಿ ನಾನು ಎಲೆಯ ಮೇಲೆ ಮಂಜುಗಡ್ಡೆಯ ತುಂಡುಗಳನ್ನಿಟ್ಟು ಅದು ಕರಗುವವರೆಗೆ ಬಿಡುತ್ತೇನೆ. ಅಷ್ಟು ತಣ್ಣನೆಯ ನೀರಿಗೆ ಕೆಫೀನೂ ಒಗರೂ ಬಹಳ ಕಡಿಮೆ ಇಳಿಯುತ್ತವೆ. ಹೊಸಬರಿಗೆ ಇದರಲ್ಲಿ ಕೆಡಿಸಲು ಅವಕಾಶವೇ ಇಲ್ಲವಾದ್ದರಿಂದ ಮೊದಲು ಇದನ್ನೇ ಮಾಡಲಿ ಎನ್ನುವುದು ನನ್ನ ಅಭಿಪ್ರಾಯ.

ಉತ್ತರ 6: ಫುಕುವೋಕಾ ಕನ್ನಡಿಗ

ನೀರಿನ ಬಗ್ಗೆ ಹೇಳಿದ್ದನ್ನು ಪೂರ್ತಿಯಾಗಿ ಒಪ್ಪುತ್ತೇನೆ; ನಾನು ಅದನ್ನು ಬಿಟ್ಟದ್ದು ಇಲ್ಲಿ ನಲ್ಲಿ ತಿರುಗಿಸಿದರೆ ಸಾಕಾಗುವ ಸೋಮಾರಿತನದಿಂದ. ಮಂಜುಗಡ್ಡೆಯ ವಿಧಾನದ ಬಗ್ಗೆ ಮಾತ್ರ ಸ್ವಲ್ಪ ತಕರಾರು ಇದೆ. ಅದರಲ್ಲಿ ಸಿಹಿ ಮತ್ತು ಉಮಾಮಿ ಸೊಗಸಾಗಿ ಬರುತ್ತವೆ ನಿಜ, ಆದರೆ ಹೊದಿಕೆಯ ಪರಿಮಳ ಏಳಲು ಒಂದಿಷ್ಟು ಬಿಸಿ ಬೇಕು. ಪ್ರಶ್ನೆ ಕೇಳಿದವರು ಆ ಪರಿಮಳದೊಂದಿಗೇ ಜಗಳವಾಡುತ್ತಿರುವುದರಿಂದ, ಅದನ್ನು ತಪ್ಪಿಸಿಕೊಳ್ಳುವುದಕ್ಕಿಂತ ಒಮ್ಮೆ ಸರಿಯಾದ ಅಳತೆಯಲ್ಲಿ ಎದುರಿಸುವುದು ಒಳ್ಳೆಯದು.

ಹೇಳುವುದನ್ನು ಮರೆತಿದ್ದೆ: ಕುಡಿದಾದ ಮೇಲೆ ಎಲೆಯನ್ನು ಎಸೆಯಬೇಡಿ. ಅಷ್ಟು ಎಳೆಯ ಚಿಗುರಾದ್ದರಿಂದ ಇಲ್ಲಿ ಅದಕ್ಕೆ ಎರಡು ಹನಿ ಸೋಯಾ ಸಾಸ್ ಅಥವಾ ಹುಳಿಹಣ್ಣಿನ ಪೋಂಜು ಬೆರೆಸಿ ತಿನ್ನುತ್ತಾರೆ.

ಉತ್ತರ 7: ಬಸವನಗುಡಿ ಕಾಫಿಪ್ರಿಯ

ಎಲ್ಲರಿಗೂ ಕೃತಜ್ಞತೆಗಳು. ಇಂದು ಬೆಳಿಗ್ಗೆ ಕಾಫಿ ಕುಡಿಯುವುದಕ್ಕೆ ಮೊದಲೇ, ನಾಲಿಗೆ ಶುದ್ಧವಾಗಿರುವಾಗ ಪ್ರಯತ್ನಿಸಿದೆ. ಚಿನ್ನ ತೂಗುವ ಪುಟ್ಟ ತಕ್ಕಡಿ ಮನೆಯಲ್ಲಿತ್ತು. 5 ಗ್ರಾಂ ತೂಗಿದಾಗ ಬಟ್ಟಲಿನಲ್ಲಿ ಬಿದ್ದ ಎಲೆಯ ರಾಶಿ ನೋಡಿ ಕೈ ಹಿಂಜರಿದದ್ದು ನಿಜ. ಸಕ್ಕರೆ ಹಾಕಿಡುತ್ತಿದ್ದ ಮುಚ್ಚಳದ ಪಿಂಗಾಣಿ ಬಟ್ಟಲು, ಬೆರಕೆ ನೀರು, ಸಮಪ್ರಮಾಣದ ಉಪಾಯ, ಎರಡು ನಿಮಿಷ.

ಬಂದದ್ದು ಹೆಚ್ಚೆಂದರೆ ಮೂರು ಚಮಚ, ಏಕೆಂದರೆ ಉಳಿದ ನೀರನ್ನೆಲ್ಲ ಎಲೆಯೇ ಕುಡಿದಿತ್ತು. ಹಿಂದಿನ ಮೂರು ಸಲ ಕುಡಿದದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಕಟ್ಟಿನ ಸಾರಿನ ಹೋಲಿಕೆಯನ್ನು ಓದಿದಾಗ ಅತಿಶಯೋಕ್ತಿ ಎನಿಸಿತ್ತು; ಆದರೆ ನುಂಗಿದ ಮೇಲೆ ನಾಲಿಗೆಯ ಬದಿಗಳಲ್ಲಿ ತುಂಬಿಕೊಂಡದ್ದು ಅದೇ, ಅದರ ಹಿಂದೆ ಎಳನೀರಿನ ಗಂಜಿಯಂಥ ಒಂದು ಸಿಹಿ. ಪಾಚಿಯ ವಾಸನೆ ಇದ್ದೇ ಇತ್ತು, ಆದರೆ ಈ ಸಲ ಅದು ರುಚಿಯ ಒಳಗೆ ಸೇರಿಕೊಂಡಿತ್ತು. ಸಪ್ಪೆ ನೀರಿನ ಮೇಲೆ ಒಂಟಿಯಾಗಿ ತೇಲುತ್ತಿದ್ದಾಗ ಮಾತ್ರ ಅದು ಅಸಹ್ಯವಾಗಿತ್ತು ಎಂದು ಈಗ ಅನಿಸುತ್ತದೆ. ಎರಡನೆಯ ಸರದಿ ನನಗೆ ಮೊದಲನೆಯದಕ್ಕಿಂತ ಹೆಚ್ಚು ಹಿಡಿಸಿತು. ಇದು ನನ್ನ ಅನುಭವದ ಕೊರತೆಯೇ ಇರಬಹುದು. ಮನೆಯವರು ಚಹಾವನ್ನು ಮುಟ್ಟಲಿಲ್ಲ. ಆದರೆ ಸೋಯಾ ಸಾಸ್ ಇಲ್ಲದ ಕಾರಣ ಎಲೆಗೆ ಕಾಯಿತುರಿ, ನಿಂಬೆರಸ, ಚಿಟಿಕೆ ಉಪ್ಪು ಹಾಕಿ ಕೋಸಂಬರಿಯಂತೆ ಕಲಸಿಟ್ಟಾಗ ಅರ್ಧಕ್ಕಿಂತ ಹೆಚ್ಚು ಅವರೇ ತಿಂದರು.

ಪೊಟ್ಟಣದಲ್ಲಿ ಈಗ ಸುಮಾರು 37 ಗ್ರಾಂ ಉಳಿದಿದೆ, ಅಂದರೆ ಏಳು ಸಲಕ್ಕೆ ಸಾಕು. ಇದನ್ನು ಫ್ರಿಜ್‌ನಲ್ಲಿ ಇಡಬಹುದೇ?

ಉತ್ತರ 8: ಫುಕುವೋಕಾ ಕನ್ನಡಿಗ

ಒಡೆಯದ ಪೊಟ್ಟಣವನ್ನು ಇಡಬಹುದು, ಹೊರತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೆ ತೆರೆಯಬಾರದು. ಒಡೆದ ಪೊಟ್ಟಣವನ್ನು ದಿನವೂ ಒಳಗೆ ಹೊರಗೆ ಮಾಡಿದರೆ ತಣ್ಣಗಿನ ಎಲೆಯ ಮೇಲೆ ತೇವ ಕೂರುತ್ತದೆ. ಒಗ್ಗರಣೆ, ಇಂಗು, ಹುಳಿಹಿಟ್ಟಿನ ವಾಸನೆಯನ್ನೂ ಎಲೆ ಹೀರಿಕೊಳ್ಳುತ್ತದೆ. ಗಾಳಿಯಾಡದ ತವರದ ಡಬ್ಬಿಗೆ ಹಾಕಿ, ಒಲೆಯಿಂದ ದೂರದ ಕಪಾಟಿನಲ್ಲಿಟ್ಟು, ಮೂರು ವಾರದೊಳಗೆ ಮುಗಿಸಿ. ಏಳು ಸಲಕ್ಕೆ ಮೂರು ವಾರ ಧಾರಾಳವಾಯಿತು. ಎರಡನೆಯ ಸರದಿ ಹೆಚ್ಚು ಹಿಡಿಸುವುದು ಅನುಭವದ ಕೊರತೆಯೇನಲ್ಲ. ಇಲ್ಲಿಯೂ ಅನೇಕರು ಹಾಗೆಯೇ ಹೇಳುತ್ತಾರೆ.